ದುಡಿದ ಬೆನ್ನು ಮತ್ತು ಚೇತರಿಕೆಯ ಪರಂಪರೆ

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಪರಿಸರದ ಇತಿಹಾಸವು ಬಹುಮಟ್ಟಿಗೆ ಕಲ್ಲು, ಮಣ್ಣು, ಅದಿರು, ಭತ್ತಗಳನ್ನು ಹೊತ್ತ ಬೆನ್ನುಗಳ ಇತಿಹಾಸವಾಗಿದೆ. ಆ ಬೆನ್ನು ಸೋತಾಗ ಅದನ್ನು ಮತ್ತೆ ನಿಲ್ಲಿಸಿದ ಬಗೆ ಯಾವುದು ಎಂಬ ಪ್ರಶ್ನೆಯತ್ತ ಚರಿತ್ರೆಕಾರರ ಗಮನ ಹರಿದುದು ಕಡಿಮೆ. ಸೊಂಟದ ಡಿಸ್ಕ್ ಶಸ್ತ್ರಚಿಕಿತ್ಸೆಯ ಅನಂತರದ ಭೌತಚಿಕಿತ್ಸೆ ಮತ್ತು ಚೇತರಿಕೆಯನ್ನು ಈ ಪರಿಸರದ ಜನಪದ ದೇಹಜ್ಞಾನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿಯನ್ನು ದಾಖಲಿಸಿದ್ದಾನೆ. ಅರಸನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ಹಚ್ಚಿಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಿದ್ದನು. ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ನಡೆಸಿ, ಮಲ್ಲನೊಬ್ಬನೊಡನೆ ಸೆಣಸಿ, ಬಳಿಕ ಕುದುರೆಯೇರುತ್ತಿದ್ದನು. ಇದೇ ಪಾಯಸ್ ಕೆರೆಯೊಂದರ ನಿರ್ಮಾಣದಲ್ಲಿ 15-20 ಸಾವಿರ ಜನರು ನೆಲವೇ ಕಾಣದಂತೆ ಇರುವೆಗಳ ಹಾಗೆ ದುಡಿಯುತ್ತಿದ್ದುದನ್ನೂ ಕಂಡಿದ್ದನು. ಒಂದೇ ಬರವಣಿಗೆಯಲ್ಲಿ ಎರಡು ಬಗೆಯ ದೇಹಗಳಿವೆ. ಅರಸನ ಮೈಗೆ ಅಭ್ಯಾಸದ ಕ್ರಮವಿತ್ತು, ಎಣ್ಣೆಯಿತ್ತು, ಅಭ್ಯಾಸದಲ್ಲಿ ಜೊತೆಗೊಬ್ಬ ಮಲ್ಲನಿದ್ದನು. ಕೆರೆ ತೋಡಿದವರ ಮೈಯ ಆರೈಕೆಯ ಬಗ್ಗೆ ಅವನ ಬರಹದಲ್ಲಿ ಒಂದು ಮಾತೂ ಇಲ್ಲ.

ಈ ಅಂತರವು ಇಪ್ಪತ್ತನೆಯ ಶತಮಾನದಲ್ಲಿಯೂ ಮುಂದುವರಿಯಿತು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ಕಲ್ಲುಗಾರೆಯ ಕಟ್ಟಡ. ಸಂಡೂರಿನ ಗಣಿಗಳಲ್ಲಿ ಯಂತ್ರಗಳು ವ್ಯಾಪಕವಾಗುವ ಮುನ್ನ ಅದಿರನ್ನು ಒಡೆಯುವ, ತುಂಬುವ ಕೆಲಸ ಹೆಚ್ಚಾಗಿ ಕೈಯಿಂದಲೇ ನಡೆಯುತ್ತಿತ್ತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಕೂಲಿ ನಿಂತಿತು. ಬೆನ್ನಿನ ನೋವು ಉಳಿಯಿತು. ಕಂಪ್ಲಿಯ ಕಾಲುವೆ ಬಯಲಿನಲ್ಲಿ ದಿನವಿಡೀ ಬಾಗಿ ಭತ್ತದ ಸಸಿ ನೆಡುವವರು ಬಹುಪಾಲು ಹೆಂಗಸರು.

ಬೆನ್ನುಮೂಳೆಗಳ ನಡುವಿನ ಮೆತ್ತೆ ಹೊರಚಾಚಿ ನರವನ್ನು ಒತ್ತುವುದೇ ಕಾಲಿಗಿಳಿಯುವ ನೋವಿಗೆ ಕಾರಣವಾಗಬಹುದೆಂಬುದನ್ನು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಶಸ್ತ್ರಚಿಕಿತ್ಸೆಯ ಆಧಾರದಿಂದ ಪ್ರತಿಪಾದಿಸಿದರು. ಬಹುತೇಕ ರೋಗಿಗಳು ಶಸ್ತ್ರಚಿಕಿತ್ಸೆಯಿಲ್ಲದೆ ಗುಣ ಹೊಂದುತ್ತಾರೆ. ಶಸ್ತ್ರಚಿಕಿತ್ಸೆ ಆದವರನ್ನು ಈಗ ಸಾಮಾನ್ಯವಾಗಿ ಅಂದೇ ಅಥವಾ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಮೊದಲ ಕೆಲವು ವಾರ ಭಾರ ಎತ್ತುವುದು, ಸೊಂಟ ತಿರುಚುವುದು, ಪೂರ್ತಿ ಬಾಗುವುದು ನಿಷಿದ್ಧ. 4ರಿಂದ 6 ವಾರಗಳ ಅನಂತರ ಆರಂಭಿಸಿದ ವ್ಯಾಯಾಮವು ನೋವು ಮತ್ತು ಅಶಕ್ತತೆಯನ್ನು ಬೇಗ ತಗ್ಗಿಸಬಲ್ಲದೆಂದು 2014ರ ಕೊಕ್ರೇನ್ ಸಮೀಕ್ಷೆ ತಿಳಿಸುತ್ತದೆ; ಸಾಕ್ಷ್ಯ ಅಷ್ಟೊಂದು ಗಟ್ಟಿಯಾದುದಲ್ಲವೆಂದೂ ಅದೇ ಒಪ್ಪುತ್ತದೆ.

ಈ ಕ್ರಮವು ಮನೆಯನ್ನು ಪ್ರವೇಶಿಸಿದಾಗ ಅಲ್ಲಿ ಆಗಲೇ ನೆಲೆಸಿರುವ ಮೂರು ನಂಬುಗೆಗಳನ್ನು ಎದುರುಗೊಳ್ಳುತ್ತದೆ. ಮೊದಲನೆಯದು ಉಳುಕು ತೆಗೆಯುವುದು. ಕಾಲು ಮುಂದಾಗಿ ಹುಟ್ಟಿದವರು ಸೊಂಟವನ್ನು ತುಳಿದರೆ ಉಳುಕು ಬಿಡುತ್ತದೆಂಬ ನಂಬಿಕೆ ವ್ಯಾಪಕವಾದುದು. ಈ ಉಪಚಾರವು ಶಸ್ತ್ರಚಿಕಿತ್ಸೆಯಾದ ಬೆನ್ನಿಗೆ ಅಪಾಯಕಾರಿ. ಗಾಯ ಮಾಯುವ ಮುನ್ನ ಅದರ ಮೇಲೆ ಎಣ್ಣೆ ತಿಕ್ಕುವುದೂ ಅಂತಹದೇ.

ಎರಡನೆಯದು ‘ಹಸಿ ಮೈ’ ಎಂಬ ಪರಿಕಲ್ಪನೆ. ಬಾಣಂತಿಗೆ ಸಲ್ಲುವ ಈ ಮಾತನ್ನು ಕೊಯ್ದ ದೇಹಕ್ಕೂ ಜನರು ಅನ್ವಯಿಸುತ್ತಾರೆ. ಇದೇ ಶಸ್ತ್ರಚಿಕಿತ್ಸೆಗೆ ಒಳಗಾದ ಈ ಲೇಖಕನಿಗೂ ಹಿರಿಯರು ಮೂರು ತಿಂಗಳು ಮಲಗಿಯೇ ಇರಬೇಕೆಂದು ವಿಧಿಸಿದ್ದರು. ಅದನ್ನು ಪಾಲಿಸಿದ ಮೊದಲ ವಾರಗಳಲ್ಲಿ ನೋವಿಗಿಂತ ಹೆಚ್ಚಾಗಿ ಕಾಡಿದ್ದು ತೊಡೆಗಳ ಸೋಲು. ನಡಿಗೆ ಆರಂಭಿಸಿದ ಬಳಿಕವೇ ಬಲ ಮರಳಿತು. ಹಸಿತನದ ಅರಿವು ಸರಿಯಾದುದೇ. ಅದನ್ನು ನಿಶ್ಚಲತೆಯೆಂದು ಅರ್ಥೈಸಿದಲ್ಲಿ ತೊಡಕು ಉಂಟಾಗುತ್ತದೆ.

ಮೂರನೆಯದು, ದುಡಿಯುವವನಿಗೆ ವ್ಯಾಯಾಮ ಏಕೆ ಎಂಬ ಭಾವನೆ. ಇದಕ್ಕೆ ಉತ್ತರವು ಈ ನೆಲದ ಗರಡಿಯಲ್ಲಿಯೇ ಇದೆ. ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಕಾಣುವ ಮಲ್ಲರ ವಿದ್ಯೆ ಊರ ಗರಡಿಮನೆಗಳಲ್ಲಿ ಬೇರೂರಿತು. ಹೊಸಬನಿಗೆ ವಸ್ತಾದಿಯು ಮೊದಲ ದಿನವೇ ಕಲ್ಲುಗುಂಡು ಎತ್ತಿಸುವುದಿಲ್ಲ. ಮಟ್ಟಿಯ ಮಣ್ಣು ಹದಗೊಳಿಸುವುದು, ದಂಡ, ಬಸ್ಕಿ, ಆಮೇಲೆ ಗದೆ. ಎಣಿಕೆ ದಿನದಿನಕ್ಕೆ ಏರುತ್ತದೆ. ಗುಂಡನ್ನು ಎದೆಗೆ ಅವುಚಿ ತೊಡೆಯ ಬಲದಿಂದ ಏಳುವುದನ್ನು ಕಲಿಸಲಾಗುತ್ತದೆ. ಭಾರವನ್ನು ಮೈಗೆ ಹತ್ತಿರವಿಡಬೇಕು, ಮೊಣಕಾಲು ಮಡಿಸಬೇಕು ಎಂಬ ಭೌತಚಿಕಿತ್ಸಕರ ಪಾಠವೂ ಇದೇ. ದುಡಿಮೆಯು ಒಂದೇ ಭಂಗಿಯನ್ನು ದೇಹ ಸೋಲುವವರೆಗೆ ಪುನರಾವರ್ತಿಸುತ್ತದೆ. ಸಾಮು ದೇಹದ ಅಳತೆ ನೋಡಿ ಭಾರ ಏರಿಸುತ್ತದೆ. ಶಸ್ತ್ರಚಿಕಿತ್ಸೆಯಾದವರು ದಂಡ, ಬಸ್ಕಿ ಹೊಡೆಯಬೇಕೆಂಬುದು ಇದರ ಅರ್ಥವಲ್ಲ. ಗರಡಿಯಿಂದ ಪಡೆಯಬೇಕಾದುದು ಕ್ರಮ, ಎಣಿಕೆ ಮತ್ತು ಗುರುವಿನ ಕಣ್ಗಾವಲು.

ಆದರೆ ಗರಡಿ ಬಹುಕಾಲ ಗಂಡಸರ ನೆಲೆಯಾಗಿತ್ತು. ಸಸಿ ನೆಡುವ ಹೆಣ್ಣಿಗೆ ದೊರೆತ ಏಕೈಕ ಚೇತರಿಕೆಯ ಸಂಸ್ಥೆ ಬಾಣಂತನ. ಆಗ ನೀರು ಹೊರುವವರು, ಅಡುಗೆ ಮಾಡುವವರು ಬೇರೆ ಇರುತ್ತಾರೆ. ಕೆಲಸ ಬಿಟ್ಟವಳೆಂಬ ಆಕ್ಷೇಪ ಇರುವುದಿಲ್ಲ. ಬೆನ್ನು ಕೊಯ್ಸಿಕೊಂಡವಳಿಗೆ ಅಂತಹ ಸಾಮಾಜಿಕ ಅನುಮತಿ ಇಲ್ಲ. ಹೊರಗೆ ಗಾಯ ಮಾಯ್ದೊಡನೆ ಕೊಡ, ಕಳೆ, ಕೂಲಿ ಅವಳನ್ನು ಕರೆಯುತ್ತವೆ. ಕಾಲಿನ ಬಲ ಕುಗ್ಗುವುದು, ಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಸ್ಪರ್ಶ ಮರಗಟ್ಟುವುದು ಒಡನೆಯೇ ಆಸ್ಪತ್ರೆಗೆ ಧಾವಿಸಬೇಕಾದ ಲಕ್ಷಣಗಳು. ಇವನ್ನೂ ಅವಳು ಸಂಕೋಚದಿಂದ ಮುಚ್ಚಿಡುವ ಸಂಭವವಿದೆ.

ಆದುದರಿಂದ ಚೇತರಿಕೆಯು ಕೇವಲ ವೈದ್ಯಕೀಯ ವಿಷಯವಾಗಿರದೆ ಸಮುದಾಯದ ವಿಷಯವೂ ಆಗಿದೆ. ಗರಡಿಯ ಕ್ರಮ, ಬಾಣಂತನದ ಬಿಡುವು ಎರಡೂ ಈ ನೆಲದ ಜನರಿಗೆ ತಿಳಿದವು. ಆಸ್ಪತ್ರೆಯ ಸೂಚನೆಗಳನ್ನು ಈ ಎರಡರ ಭಾಷೆಯಲ್ಲಿ ವಿವರಿಸಿದರೆ ಅವು ಮನೆಯೊಳಗೆ ಉಳಿಯುತ್ತವೆ. ಅರಸನ ಸಾಮು ಗ್ರಂಥಸ್ಥವಾಗಿ ಐನೂರು ವರ್ಷಗಳಾದವು. ಕೆರೆ ತೋಡಿದವರ, ಅದಿರು ಹೊತ್ತವರ, ಸಸಿ ನೆಟ್ಟವರ ಬೆನ್ನಿನ ಚರಿತ್ರೆಯನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಹೊಣೆ ಜಾನಪದ ಅಧ್ಯಯನದ ಮೇಲಿದೆ.