ಬದು ಕಳೆದುಕೊಂಡ ಡಿಸ್ಕು

ಅಣ್ಣತಮ್ಮಂದಿರು ಪಾಲಾದಾಗ ಹೊಲದ ನಡುವೆ ಬದು ಏಳುತ್ತದೆ. ಒಬ್ಬನ ಪಾಲು ಬೀಳು ಬಿದ್ದಿದ್ದರೂ ಇನ್ನೊಬ್ಬ ಅಲ್ಲಿ ಬಿತ್ತುವಂತಿಲ್ಲ. ಕಂಪ್ಯೂಟರ್ ಡಿಸ್ಕಿನ ಪಾರ್ಟಿಷನ್ನುಗಳೂ ಬಹುಕಾಲ ಹೀಗೇ ಇದ್ದವು. ಒಂದು ಪಾಲು ತುಂಬಿ ತುಳುಕುತ್ತಿದ್ದರೆ ಪಕ್ಕದ್ದು ಅರ್ಧ ಖಾಲಿ. ಬದು ಸರಿಸಬೇಕೆಂದರೆ ಎಲ್ಲವನ್ನೂ ಟೇಪಿಗೆ ಇಳಿಸಿ, ಡಿಸ್ಕನ್ನು ಹೊಸದಾಗಿ ಹಂಚಿ, ಮತ್ತೆ ತುಂಬಬೇಕು. ಅಷ್ಟು ಹೊತ್ತೂ ಕೆಲಸ ಬಂದ್.

1990ರಲ್ಲಿ ಐಬಿಎಂ ತನ್ನ ಎಐಎಕ್ಸ್ 3ರ ಜೊತೆಗೆ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್ ಕೊಟ್ಟಿತು. ಇದ್ದಬದ್ದ ಡಿಸ್ಕುಗಳನ್ನು ಒಂದೇ ಅಳತೆಯ ತುಂಡುಗಳಾಗಿ ಲೆಕ್ಕ ಹಾಕಿ ಒಂದು ರಾಶಿಗೆ ಸೇರಿಸುವುದು, ಅದರಿಂದ ಬೇಕಾದಲ್ಲಿಗೆ ಬೇಕಾದಷ್ಟು ಕೊಡುವುದು. ಯಾವ ತುಂಡು ಯಾವ ಡಿಸ್ಕಿನಲ್ಲಿದೆ ಎಂಬುದಕ್ಕೆ ಒಂದು ಪಟ್ಟಿ. ಜಾಗ ಸಾಲದೆ ಹೋದರೆ ಹೊಸ ಡಿಸ್ಕು ಸೇರಿಸಿ ಪಟ್ಟಿ ತಿದ್ದಿದರಾಯಿತು. (ವಾಲ್ಯೂಮ್ ಹಿಗ್ಗಿಸಿ, ಮೇಲಿರುವ ಫೈಲ್ ಸಿಸ್ಟಮ್ಮನ್ನು ಹಿಗ್ಗಿಸಲು ಮರೆತು ತಲೆ ಕೆರೆದುಕೊಂಡವರು ಈ ಪತ್ರದ ಓದುಗರಲ್ಲೂ ಇದ್ದೇ ಇರುತ್ತಾರೆ.) ಎಚ್‌ಪಿಯ ಯುನಿಕ್ಸಿನಲ್ಲಿದ್ದ ಇಂಥದೇ ವ್ಯವಸ್ಥೆಯನ್ನು ಮಾದರಿಯಾಗಿಟ್ಟುಕೊಂಡು 1998ರಲ್ಲಿ ಹೈಂಜ್ ಮೌವೆಲ್ಸ್‌ಹಾಗೆನ್ ಲಿನಕ್ಸಿಗೆ ಎಲ್‌ವಿಎಂ ಬರೆದರು. 2001ರ 2.4 ಕರ್ನಲ್ಲಿನಲ್ಲಿ ಅದು ಸೇರಿತ್ತು.

ಮುಂದಿನ ಕರ್ನಲ್ಲಿನ ಹೊತ್ತಿಗೆ ಇಬ್ಬರು ಹಕ್ಕುದಾರರು. ಸಿಸ್ಟಿನಾ ಕಂಪನಿಯವರದು ಡಿವೈಸ್ ಮ್ಯಾಪರ್. ಅದು ಬಲು ಪುಟ್ಟದು. ಈ ಜಾಗ ಆ ಡಿಸ್ಕಿನ ಇಂಥ ಕಡೆ ಇದೆ ಎಂಬ ಪಟ್ಟಿಯಷ್ಟೇ ಕರ್ನಲ್ಲಿಗೆ ಗೊತ್ತು, ಉಳಿದ ಬುದ್ಧಿಯೆಲ್ಲ ಹೊರಗೆ. ಐಬಿಎಂ ತಂಡದ ಇವಿಎಂಎಸ್ ಹಾಗಲ್ಲ. ಬಗೆಬಗೆಯ ವಾಲ್ಯೂಮುಗಳ ಗುಟ್ಟನ್ನು ಕರ್ನಲ್ಲಿನೊಳಗೇ ಇಟ್ಟುಕೊಂಡಿತ್ತು. ಹೊಸ ಸೌಲಭ್ಯಗಳಿಗೆ ಬಾಗಿಲು ಮುಚ್ಚುವ ಗಡುವು 2002ರ ಅಕ್ಟೋಬರ್ ಕೊನೆ. ಲಿನಸ್ ಟೊರ್ವಾಲ್ಡ್ಸ್ ಒಳಗೆ ಬಿಟ್ಟುಕೊಂಡಿದ್ದು ಡಿವೈಸ್ ಮ್ಯಾಪರನ್ನು.

ಸೋತ ತಂಡ ಹಟ ಹಿಡಿದು ತನ್ನ ಕೋಡನ್ನು ಹೊರಗಿನಿಂದಲೇ ತೇಪೆ ಹಾಕುತ್ತ ವರ್ಷಗಟ್ಟಲೆ ಜಗ್ಗಾಡಬಹುದಿತ್ತು. ಹಾಗೆ ಮಾಡಲಿಲ್ಲ. ನವೆಂಬರ್ ಮೊದಲ ವಾರದಲ್ಲೇ, ಕರ್ನಲ್ಲಿಗಾಗಿ ಬರೆದ ತಮ್ಮ ಭಾಗವನ್ನು ಕೈಬಿಟ್ಟು, ಡಿವೈಸ್ ಮ್ಯಾಪರಿನ ಮೇಲೆಯೇ ಸಲಕರಣೆಗಳನ್ನು ಕಟ್ಟುತ್ತೇವೆಂದು ಸಾರಿದರು. ಬೈಗುಳಕ್ಕೆ ಬರವಿಲ್ಲದ ಲಿನಕ್ಸ್ ಲೋಕದಲ್ಲಿ ಇಷ್ಟು ಘನತೆಯ ಸೋಲು ನನಗಂತೂ ಬೇರೆ ನೆನಪಾಗುವುದಿಲ್ಲ. ದುಡಿದದ್ದನ್ನು ತಾವೇ ಅಳಿಸುವುದು ಎಷ್ಟು ಕಷ್ಟವೆಂದು ಕೋಡು ಬರೆದವರಿಗೆ ಗೊತ್ತು.

2003ರ ಡಿಸೆಂಬರಿನಲ್ಲಿ 2.6 ಬಂತು. ಅದೇ ಪುಟ್ಟ ಪಟ್ಟಿಯ ಮೇಲೆ ಮರುವರ್ಷ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಡಿಎಂ-ಕ್ರಿಪ್ಟ್ ಕೂತಿತು. ಮುಂದೆ ಆಂಡ್ರಾಯ್ಡ್ 4.4ರಿಂದ, ಫೋನಿನ ಸಿಸ್ಟಮ್ ಭಾಗವನ್ನು ಯಾರಾದರೂ ತಿದ್ದಿದ್ದಾರೆಯೇ ಎಂದು ನೋಡುವ ಡಿಎಂ-ವೆರಿಟಿಯೂ ಬಂತು. ಇವಿಎಂಎಸ್‌ನ ಸಲಕರಣೆಗಳು ಮಾತ್ರ 2006ರ ಆಚೆ ಬೆಳೆಯಲಿಲ್ಲ.