ತಾಯಿಯೇ ಪಾಲಕಳು: ಕಾಮಾಠಿಪುರದ ಮಕ್ಕಳು ಮತ್ತು ಕಾನೂನು

ಗ್ರಾಂಟ್ ರೋಡ್ ನಿಲ್ದಾಣದ ಪೂರ್ವಕ್ಕಿರುವ ಕಾಮಾಠಿಪುರಕ್ಕೆ ತೆಲುಗು ಸೀಮೆಯ ಕಾಮಾಠಿ ಕಾರ್ಮಿಕರಿಂದ ಆ ಹೆಸರು ಬಂದಿತು. ಕಳೆದ ಶತಮಾನದಲ್ಲಿ ಬೆಳಗಾವಿ, ವಿಜಾಪುರ ಕಡೆಗಳಲ್ಲಿ ದೇವದಾಸಿಯರಾಗಿ ಮುತ್ತು ಕಟ್ಟಿಸಿಕೊಂಡ ಅನೇಕ ಕನ್ನಡ ಹೆಣ್ಣುಮಕ್ಕಳು ಇಲ್ಲಿನ ವೇಶ್ಯಾಗೃಹಗಳನ್ನು ಸೇರಿದರು. ಕರ್ನಾಟಕವು 1982ರ ಕಾಯಿದೆಯಿಂದ ಆ ಪದ್ಧತಿಯನ್ನು ನಿಷೇಧಿಸಿತು. ಆದರೆ ಇಲ್ಲಿ ಹುಟ್ಟಿದ ಮಕ್ಕಳಿಗೆ ಪಾಲಕರು ಯಾರು ಎಂಬ ಪ್ರಶ್ನೆ ಉಳಿಯಿತು.

ಉತ್ತರ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯಲ್ಲಿಯೇ ಇದೆ. ವಿವಾಹಬಾಹಿರವಾಗಿ ಜನಿಸಿದ ಮಗುವಿಗೆ ತಾಯಿಯೇ ಮೊದಲ ಸಹಜ ಪಾಲಕಳು. ತನ್ನ ನಂತರ ಮಗುವನ್ನು ಯಾರು ನೋಡಿಕೊಳ್ಳಬೇಕೆಂದು ಆಕೆ ಉಯಿಲಿನಲ್ಲಿ ಬರೆದಿಡಲೂಬಹುದು. ಅಂಥ ಉಯಿಲೂ ಇಲ್ಲದೆ, ಪಾಲಕರೂ ಇಲ್ಲದೆ ಹೋದಾಗ, 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯಂತೆ ನ್ಯಾಯಾಲಯವು ಪಾಲಕರನ್ನು ನೇಮಿಸಬಹುದು. ಅಲ್ಲಿ ಮಗುವಿನ ಕ್ಷೇಮವೇ ಮುಖ್ಯ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ಪರಿಗಣಿಸಬಹುದು. ಅಕ್ಕರೆಯಿಂದ ಸಾಕಿದ ಮಾತ್ರಕ್ಕೆ ಯಾರೂ ಕಾನೂನಿನ ಪಾಲಕರಾಗುವುದಿಲ್ಲ.

ತಾಯಿಯ ದುಡಿಮೆ ರಾತ್ರಿಯದು. ಆ ಹೊತ್ತಿನಲ್ಲಿ ಮಗು ಎಲ್ಲಿರಬೇಕು? ಕಾಮಾಠಿಪುರದಲ್ಲಿ 1986ರಲ್ಲಿ ಆರಂಭವಾದ ಪ್ರೇರಣಾ ಸಂಸ್ಥೆಯು 1988ರಲ್ಲಿ ರಾತ್ರಿ ಪಾಲನಾ ಕೇಂದ್ರವನ್ನು ತೆರೆಯಿತು. ಮಗುವನ್ನು ತಾಯಿಯಿಂದ ಕಸಿಯದೆ ಕಾಪಾಡುವ ಮಾರ್ಗವಿದು. ಇಂಥ ಮಕ್ಕಳಿಗಾಗಿಯೇ ಪ್ರತ್ಯೇಕ ಶಾಲೆ, ವಸತಿಗೃಹಗಳು ಬೇಕೆಂದು ಗೌರವ್ ಜೈನ್ ಎಂಬ ವಕೀಲರು ಕೇಳಿಕೊಂಡಾಗ, ಪ್ರತ್ಯೇಕಿಸುವುದು ಅವರ ಹಿತಕ್ಕೆ ಒಳಿತಲ್ಲವೆಂದು ಸುಪ್ರೀಂ ಕೋರ್ಟು 1989ರಲ್ಲಿ ಹೇಳಿತು.

ತಾಯಿಗೆ ಸಾಕಲು ಸಾಧ್ಯವೇ ಆಗದಿದ್ದರೆ, 2015ರ ಬಾಲ ನ್ಯಾಯ ಕಾಯಿದೆಯಂತೆ ಮಕ್ಕಳ ಕಲ್ಯಾಣ ಸಮಿತಿಯು ಮಗುವಿನ ರಕ್ಷಣೆಯ ಬಗ್ಗೆ ತೀರ್ಮಾನಿಸುತ್ತದೆ. ಮಗುವನ್ನು ಸಮಿತಿಗೆ ಒಪ್ಪಿಸಿಕೊಟ್ಟ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶವಿದೆ.

ಇನ್ನು ತಂದೆಯ ಹೆಸರಿನ ಮಾತು. ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೊರಟ ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ, ತಂದೆ ಬದುಕಿರುವಾಗಲೂ ತಾಯಿ ಪಾಲಕಳಾಗಬಹುದೆಂದು ಸುಪ್ರೀಂ ಕೋರ್ಟು 1999ರಲ್ಲಿ ತೀರ್ಪಿತ್ತಿತು. ಅವಿವಾಹಿತ ತಾಯಿಯು ಪಾಲಕತ್ವ ಕೋರುವಾಗ ಮಗುವಿನ ತಂದೆಯ ಹೆಸರು ಹೇಳಬೇಕಾಗಿಲ್ಲವೆಂದು 2015ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಅರ್ಜಿ ಪರಿಶೀಲಿಸುವವನಾಗಿ ಬಲ್ಲೆ: ಖಾಲಿ ಬಿಟ್ಟ ಆ ಒಂದು ಸಾಲಿನೆದುರು ಎಷ್ಟೋ ತಾಯಂದಿರು ತಲೆತಗ್ಗಿಸಿ ನಿಲ್ಲುತ್ತಾರೆ. ಕಾನೂನು ಅವರನ್ನು ತಲೆತಗ್ಗಿಸಲು ಹೇಳಿಲ್ಲ. ಶಾಲೆ, ಕಚೇರಿಗಳಲ್ಲಿರುವ ನಾವೂ ಹೇಳಬಾರದು.