ಮೆಥಡಿಸ್ಟ್ ಸಭೆಯ ದೀಕ್ಷೆಯಿಲ್ಲದ ಬೋಧಕರು

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಮೆಥಡಿಸ್ಟ್ ಪಂಥದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಪ್ರವರ್ತಕನಾದ ಜಾನ್ ವೆಸ್ಲಿಯ (೧೭೦೩–೧೭೯೧) ಸುತ್ತಲೇ ಕಥನವನ್ನು ಹೆಣೆಯುತ್ತಾರೆ. ಆದರೆ ಅದು ಹಳ್ಳಿಹಳ್ಳಿಗೂ ಹಬ್ಬಿದುದರಲ್ಲಿ, ಗುರುದೀಕ್ಷೆಯನ್ನು ಪಡೆಯದೆ, ವಾರವೆಲ್ಲ ಕಸುಬು ಮಾಡಿ ಭಾನುವಾರ ಬೋಧಿಸಿದ ಸಾಮಾನ್ಯರಿಗೆ ಸಲ್ಲಬೇಕಾದ ಪಾಲು ದೊಡ್ಡದು.

ಈ ಬೋಧಕರನ್ನು ವೆಸ್ಲಿಯು ಬಯಸಿ ಏರ್ಪಡಿಸಿದವನಲ್ಲ. ಆತನು ಆಂಗ್ಲಸಭೆಯ ಪಾದ್ರಿ. ದೀಕ್ಷೆಯಿಲ್ಲದವನು ಸತ್ಯವೇದವನ್ನು ಓದಬಹುದು, ಪ್ರಾರ್ಥಿಸಬಹುದು, ಪ್ರಸಂಗ ಮಾಡಕೂಡದು ಎಂಬುದು ಆತನ ನಂಬಿಕೆ. ೧೭೩೯ರಲ್ಲಿ ಆತನು ಲಂಡನ್ನಿನ ಪಾಳುಬಿದ್ದ ಫಿರಂಗಿ ಎರಕದ ಕಾರ್ಖಾನೆಯೊಂದನ್ನು ಪಡೆದು ಪ್ರಾರ್ಥನಾಮಂದಿರವನ್ನಾಗಿ ಮಾಡಿದನು. ಒಂದೆರಡು ವರ್ಷದೊಳಗೆ, ಆತನು ಊರಲ್ಲಿಲ್ಲದಾಗ, ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ದೀಕ್ಷೆಯಿಲ್ಲದ ಯುವಕನು ಅಲ್ಲಿ ಪ್ರಸಂಗಕ್ಕೆ ತೊಡಗಿದನು. ಇದನ್ನು ನಿಲ್ಲಿಸಲೆಂದು ವೆಸ್ಲಿಯು ಅವಸರದಿಂದ ಹಿಂದಿರುಗಿದನು. ತಡೆದವಳು ಆತನ ತಾಯಿ ಸುಸನ್ನಾ. ಈ ಯುವಕನಿಗೂ ನಿನ್ನಂತೆಯೇ ದೈವಪ್ರೇರಣೆಯುಂಟು. ಮೊದಲು ಅವನ ಮಾತನ್ನು ಕೇಳಿ ಫಲವನ್ನು ನೋಡು ಎಂಬುದು ಆಕೆಯ ಬುದ್ಧಿವಾದದ ಸಾರವೆಂದು ಚರಿತ್ರಕಾರರು ಹೇಳುತ್ತಾರೆ. ಮಗನು ಕೇಳಿದನು, ಒಪ್ಪಿದನು. ಮ್ಯಾಕ್ಸ್‌ಫೀಲ್ಡನು ಮುಂದೆ ದೀಕ್ಷೆ ಪಡೆದು ೧೭೬೩ರಲ್ಲಿ ವೆಸ್ಲಿಯನ್ನೇ ತೊರೆದುದು ಬೇರೆಯ ಮಾತು.

ಕಾಲಕ್ರಮದಲ್ಲಿ ಸಂಚಾರಿ ಬೋಧಕರು ತಾವೂ ಪಾದ್ರಿಗಳಾದರು. ಸ್ಥಳೀಯ ಬೋಧಕರು ಮಾತ್ರ ಕಸುಬನ್ನು ಬಿಡಲಿಲ್ಲ. ಯಾರು ಯಾವ ವಾರ ಯಾವ ಮಂದಿರದಲ್ಲಿ ಬೋಧಿಸತಕ್ಕದ್ದೆಂಬ ಪಟ್ಟಿಯು ಮೂರು ತಿಂಗಳಿಗೊಮ್ಮೆ ಹೊರಡುತ್ತಿತ್ತು. ಸಾರಾ ಕ್ರಾಸ್ಬಿ ಮೊದಲಾದ ಸ್ತ್ರೀಯರಿಗೂ ವೆಸ್ಲಿಯು ಅನುಮತಿಯಿತ್ತಿದ್ದನು. ಆತನ ಮರಣಾನಂತರ ೧೮೦೩ರ ಸಮ್ಮೇಳನವು ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಇದು ಸಭೆಗೇ ಆದ ನಷ್ಟ.

ಓದಿ, ಯೋಚಿಸಿ, ನೆರೆದ ಜನರೆದುರು ನಿಂತು ಮಾತನಾಡುವ ಅಭ್ಯಾಸವು ಬಡವರಿಗೆ ಆ ಕಾಲದಲ್ಲಿ ಬೇರೆಲ್ಲಿಯೂ ಸುಲಭವಾಗಿ ದೊರೆಯುತ್ತಿರಲಿಲ್ಲ. ಆದುದರಿಂದಲೇ ಅದರ ಫಲವು ಮಂದಿರದೊಳಗೆ ನಿಲ್ಲಲಿಲ್ಲ. ಡಾರ್ಸೆಟ್ ಪ್ರಾಂತದ ಟಾಲ್ಪಡಲ್ ಗ್ರಾಮದ ಜಾರ್ಜ್ ಲವ್‌ಲೆಸ್ ಹೊಲದ ಕೂಲಿಗಾರ, ಸ್ಥಳೀಯ ಬೋಧಕ. ವಾರದ ಕೂಲಿಯು ಒಂಬತ್ತು ಷಿಲಿಂಗಿನಿಂದ ಏಳಕ್ಕಿಳಿದು, ಆರಕ್ಕೂ ಇಳಿಯುವ ಭಯವೊದಗಿದಾಗ ಆತನು ೧೮೩೩ರಲ್ಲಿ ಸಂಗಡಿಗರೊಡನೆ ಸಂಘವನ್ನು ಕಟ್ಟಿದನು. ಸಂಘ ಕಟ್ಟುವುದು ಆಗ ಅಪರಾಧವಾಗಿರಲಿಲ್ಲ. ಗುಟ್ಟಾಗಿ ಪ್ರಮಾಣ ಮಾಡಿಸಿದರೆಂಬ ನೆಪದಿಂದ ೧೮೩೪ರಲ್ಲಿ ಆರು ಮಂದಿಗೆ ಏಳು ವರ್ಷಗಳ ಗಡೀಪಾರು ವಿಧಿಸಿ ಆಸ್ಟ್ರೇಲಿಯ ಕಡೆಗೆ ಕಳುಹಿಸಲಾಯಿತು. ಅವರಲ್ಲಿ ಐವರು ಮೆಥಡಿಸ್ಟರು. ಜನರ ಕೂಗಿಗೆ ಮಣಿದು ಸರಕಾರವು ೧೮೩೬ರಲ್ಲಿ ಅವರನ್ನು ಕ್ಷಮಿಸಿತು. ೧೮೭೨ರಲ್ಲಿ ವಾರಿಕ್ ಪ್ರಾಂತದ ವೆಲ್ಸ್‌ಬರ್ನಿನಲ್ಲಿ ಮರದಡಿ ನೆರೆದ ಕೂಲಿಗಾರರಿಗೆ ಸಂಘದ ವಿಚಾರವನ್ನು ತಿಳಿಸಿದ ಜೋಸೆಫ್ ಆರ್ಚನೂ ಪ್ರಿಮಿಟಿವ್ ಮೆಥಡಿಸ್ಟ್ ಸಭೆಯ ಇಂಥದೇ ಬೋಧಕನು. ಬೇಲಿಗಿಡ ಸವರುವ ಕಸುಬಿನವನಾದ ಆತನು ೧೮೮೫ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದನು.